ಮಾವನ ಟ್ಯೂಡರ್: ಯಾವ ಸ್ಟೆಮ್ಮಿಗೂ ಒಗ್ಗದ ಕ್ರೌನು

ಗುಳ್ಳೆ ನಿಂತಿದೆ. ನಿನ್ನೆ ರಾತ್ರಿ ಹನ್ನೊಂದೂವರೆಗೆ, ವಾಚಿಗೆ ನೀರು ಹೋಗುತ್ತಾ ಅಂತ ನೋಡುವ 5 ಬಾರ್ ಒತ್ತಡದ ಟೆಸ್ಟಿನಲ್ಲಿ, ಒಂದೇ ಒಂದು ಗುಳ್ಳೆಯೂ ಬರಲಿಲ್ಲ. ಇದಕ್ಕೆ ಆರು ವಾರ, ನಾಲ್ಕು ಸ್ಟೆಮ್ (ಕೀ ಕೊಡುವ ಗುಂಡಿಯ ಕಡ್ಡಿ), ಎರಡು ಟ್ಯೂಬ್ (ಆ ಕಡ್ಡಿ ಕೇಸಿನೊಳಗೆ ಹೋಗುವ ಕೊಳವೆ) ಖರ್ಚಾಗಿವೆ. ಅಡುಗೆಮನೆಯ ಕಟ್ಟೆಯ ಮೇಲೆ ಪ್ರೆಷರ್ ಟೆಸ್ಟರ್ ಇಡೋಕೆ ನನಗಿದ್ದ ಅನುಮತಿಯೂ ಹೋಗಿದೆ.

ವಾಚು ಮಾವನದು. ತೊಂಬತ್ತರ ದಶಕದಲ್ಲಿ ಮಸ್ಕತ್‌ನಲ್ಲಿ ಕೆಲಸದಲ್ಲಿದ್ದಾಗ ಕೊಂಡ ಟ್ಯೂಡರ್ ಪ್ರಿನ್ಸ್ ಆಯ್ಸ್ಟರ್‌ಡೇಟ್, 34 ಮಿ.ಮೀ. ಟ್ಯೂಡರ್ ಅಂದರೆ ರೋಲೆಕ್ಸ್‌ನವರದೇ ಇನ್ನೊಂದು ಬ್ರ್ಯಾಂಡು. ಕೇಸು ರೋಲೆಕ್ಸ್‌ನದು, ಕ್ರೌನಿನ (ಕೀ ಕೊಡುವ ಗುಂಡಿಯ) ಮೇಲಿನ ಕಿರೀಟದ ಗುರುತೂ ರೋಲೆಕ್ಸ್‌ನದೇ. ಒಳಗೆ ಮಾತ್ರ ನಮ್ಮ ನಿಮ್ಮ ಇಟಿಎ 2824 ಮೂವ್‌ಮೆಂಟು, ಅಂದರೆ ವಾಚು ನಡೆಸುವ ಯಂತ್ರ. ಅದನ್ನು ಬಿಚ್ಚಿ, ತೊಳೆದು, ಎಣ್ಣೆ ಹಾಕಿದ ಕಥೆ ಬೇಡ. ತಲೆನೋವು ಕೊಟ್ಟಿದ್ದು ಕ್ರೌನು, ನೀರು ಹೋಗದ ಹಾಗೆ ಟ್ಯೂಬಿನ ಮೇಲೆ ತಿರುಗಿಸಿ ಬಿಗಿಯುವಂಥದ್ದು. ಮೂವತ್ತು ವರ್ಷ ಮಾವ ಅದನ್ನು ಬಾಟಲಿ ಮುಚ್ಚಳದ ಹಾಗೆ ತಿರುಗಿಸಿದ್ದರು. ಥ್ರೆಡ್ ಪೂರ್ತಿ ಸವೆದು, ಒತ್ತಿ ತಿರುಗಿಸಿದರೆ ಸುಮ್ನೆ ಗರಗರ ಸುತ್ತುತ್ತಿತ್ತು.

ಅಸಲಿ ಭಾಗ ನಮ್ಮಂಥವರ ಕೈಗೆ ಎಲ್ಲಿ ಸಿಗಬೇಕು? ಅದೇ ಅಳತೆಯ ಬೇರೆ ತಯಾರಿಕೆಯ ಟ್ಯೂಬು, ಕ್ರೌನು ತರಿಸಿದೆ. ಮಾರುವವನು ‘ನೂರಕ್ಕೆ ನೂರು ಸೇಮ್ ಸರ್’ ಅಂದ. ನಾಲ್ಕು ದಿನ ಅಂದದ್ದು ಹತ್ತೊಂಬತ್ತು ದಿನಕ್ಕೆ ಬಂತು. ಅದೂ ಬರೀ ಕಾಗದದ ಕವರಿನಲ್ಲಿ, ಗ್ಯಾಸ್ಕೆಟ್ (ನೀರು ತಡೆಯುವ ರಬ್ಬರ್ ಉಂಗುರ) ಇಲ್ಲದೆ. ಕೇಳಿದರೆ, ‘ಅದು ಬೇರೆ ಐಟಂ ಸರ್.’

ಹೊಸ ಟ್ಯೂಬ್ ಕೂರಿಸಿ, ಖಾಲಿ ಕೇಸಿಗೆ ಕ್ರೌನ್ ಬಿಗಿದು ಟೆಸ್ಟರ್‌ಗೆ ಹಾಕಿದೆ. ಗಾಳಿಯಲ್ಲಿ 5 ಬಾರ್ ಏರಿಸಿ, ಮೂರು ನಿಮಿಷ ಬಿಟ್ಟು, ನೀರಿಗೆ ಇಳಿಸಿ, ಮೆಲ್ಲಗೆ ಒತ್ತಡ ಬಿಟ್ಟೆ. ಸಂದಿಯಿಂದ ಒಳಗೆ ನುಗ್ಗಿದ ಗಾಳಿ ಇದ್ದರೆ ಈಗ ಗುಳ್ಳೆಯಾಗಿ ಹೊರಬರಬೇಕು. ಏನೂ ಇಲ್ಲ, ಪಾಸು! ಆಮೇಲೆ ಒಂದು ಸತ್ತ ಚೀನೀ 2824 ನಕಲನ್ನು ಸ್ಟೆಮ್ ಸಮೇತ ಒಳಗಿಟ್ಟು ಅದೇ ಟೆಸ್ಟ್ ಮಾಡಿದೆ. (ಮಾವನ ಮೂವ್‌ಮೆಂಟನ್ನೇ ನೀರಿಗಿಳಿಸುವಷ್ಟು ಧೈರ್ಯ ನನಗಿಲ್ಲ.) ಕ್ರೌನಿನ ಬುಡದಿಂದ ಸಣ್ಣ ಗುಳ್ಳೆಗಳು ಸಾಲುಗಟ್ಟಿ ಬಂದವು. ಸೋಡಾ ಬಾಟಲಿ ತೆಗೆದ ಹಾಗೆ.

ಖಾಲಿ ಇದ್ದರೆ ಪಾಸು, ತುಂಬಿದರೆ ಫೇಲು. ಅಂದರೆ ಸ್ಟೆಮ್ ಉದ್ದ ಜಾಸ್ತಿ, ಅದು ಕ್ರೌನನ್ನು ಒಳಗಿನಿಂದ ತಳ್ಳಿ ಹಿಡಿದಿದೆ, ಗ್ಯಾಸ್ಕೆಟ್ ಟ್ಯೂಬಿನ ಬಾಯಿಗೆ ಒತ್ತಿ ಕೂರುತ್ತಿಲ್ಲ. ಸುಲಭ, ಅಲ್ವಾ? 0.1 ಮಿ.ಮೀ. ಉಜ್ಜಿದೆ. ಗುಳ್ಳೆ. ಇನ್ನೊಂದು 0.1. ಗುಳ್ಳೆ. ಹೀಗೇ ಉಜ್ಜುತ್ತಾ ಹೋಗಿ ಕೊನೆಗೆ ಗುಳ್ಳೆ ನಿಂತಿತು. ಖುಷಿಯಿಂದ ಕ್ರೌನ್ ಬಿಚ್ಚಿ ಕೀ ಕೊಡೋಕೆ ಹೋದರೆ ಬೆರಳಿಗೆ ಕರಕರ. ಕ್ರೌನ್ ಪೂರ್ತಿ ಹೊರಗೆ ನೆಗೆದೇ ಇಲ್ಲ, ಕೊನೆಯ ಥ್ರೆಡ್ಡಿಗೆ ಸಿಕ್ಕಿಕೊಂಡೇ ಇದೆ. ಜೋರಾಗಿ ಬಿಚ್ಚಿದರೆ ಸ್ಟೆಮ್ಮನ್ನೂ ಎಳೆದುಕೊಂಡು ನೇರ ತಾರೀಖು ಬದಲಿಸುವ ಜಾಗಕ್ಕೆ ಬರುತ್ತದೆ. ಇದು ಸ್ಟೆಮ್ ಗಿಡ್ಡವಾದ ಲಕ್ಷಣ.

ಎರಡನೇ ಸ್ಟೆಮ್ಮಿಗೂ ಇದೇ ಪಾಡು. ಮೂರನೆಯದಕ್ಕೂ. ಉದ್ದವಾದರೆ ಗುಳ್ಳೆ, ಗಿಡ್ಡವಾದರೆ ಕರಕರ. ಸಾಮಾನ್ಯವಾಗಿ ಇವೆರಡರ ಮಧ್ಯೆ ಒಂದಿಷ್ಟು ಜಾಗ ಇರುತ್ತದೆ, ಕ್ರೌನಿನ ಒಳಗಿನ ಸ್ಪ್ರಿಂಗ್ ನಮ್ಮ ತಪ್ಪನ್ನು ನುಂಗಿಕೊಳ್ಳುತ್ತದೆ. ಇಲ್ಲಿ ಆ ಜಾಗವೇ ಇರಲಿಲ್ಲ. ನನ್ನ ಕೈಯೇ ಸರಿಯಿಲ್ಲ ಅಂದುಕೊಂಡು ಒಂದು ವಾರ ಬೆಂಚಿನ ಕಡೆ ತಲೆ ಹಾಕಲಿಲ್ಲ.

ಆ ವಾರ ಓದಿದ್ದು ಹಳೇ ಆಯ್ಸ್ಟರ್ (ರೋಲೆಕ್ಸ್‌ನ ನೀರು ಹೋಗದ ವಾಚು) ಕಥೆ. 1925ರಲ್ಲಿ ಪೆರೆಗೊ ಮತ್ತು ಪೆರೆ ಎಂಬ ಇಬ್ಬರು ಸ್ವಿಸ್ಸರು ತಿರುಗಿಸಿ ಬಿಗಿಯುವ ಕ್ರೌನಿಗೆ ಪೇಟೆಂಟ್ ಅರ್ಜಿ ಹಾಕಿದರು. ರೋಲೆಕ್ಸ್‌ನ ಹಾನ್ಸ್ ವಿಲ್ಸ್‌ಡೋರ್ಫ್ ಅದರ ಹಕ್ಕು ಕೊಂಡು, ಮುಂದಿನ ವರ್ಷ ಆಯ್ಸ್ಟರ್ ತಂದರು. ಆಗಿನವು ಕೈಯಲ್ಲಿ ಕೀ ಕೊಡುವ ವಾಚುಗಳು. ಯೋಚನೆ ಮಾಡಿ: ಕೀ ಕೊಡುವುದೂ ಬಲಕ್ಕೆ, ಕ್ರೌನ್ ಬಿಗಿಯುವುದೂ ಬಲಕ್ಕೆ. ಕೀ ಪೂರ್ತಿ ತುಂಬಿದ ಮೇಲೆ ಸ್ಟೆಮ್ ತಿರುಗಲ್ಲ. ಸ್ಟೆಮ್ ತಿರುಗದಿದ್ದರೆ ಕ್ರೌನನ್ನು ಬಿಗಿಯೋದು ಹೇಗೆ? ಅದಕ್ಕೇ ಕ್ಲಚ್ ಬಂತು. ಒತ್ತಿದಾಗ ಕ್ರೌನು ಸ್ಟೆಮ್ಮಿನ ಕೈ ಬಿಟ್ಟು ತನ್ನಷ್ಟಕ್ಕೆ ಸುತ್ತುತ್ತದೆ. ನಮ್ಮ ಆಟೋಮ್ಯಾಟಿಕ್‌ಗಳಲ್ಲಿ ಕ್ಲಚ್ ಇಲ್ಲದಿದ್ದರೂ ನಡೆಯುತ್ತದೆ, ಬಿಗಿಯುವಾಗ ನಾಲ್ಕು ಸುತ್ತು ಕೀ ಹೋಗುತ್ತದೆ ಅಷ್ಟೆ. 1927ರ ಅಕ್ಟೋಬರ್‌ನಲ್ಲಿ ಬ್ರಿಟಿಷ್ ಈಜುಗಾರ್ತಿ ಮರ್ಸಿಡಿಸ್ ಗ್ಲೈಟ್ಜ್ ಇಂಗ್ಲಿಷ್ ಕಾಲುವೆಯಲ್ಲಿ ಮತ್ತೊಮ್ಮೆ ಈಜಿದಾಗ ಕೊರಳಲ್ಲಿ ಆಯ್ಸ್ಟರ್ ಕಟ್ಟಿಕೊಂಡಿದ್ದರು. ಚಳಿಗೆ ಆಕೆಯನ್ನು ಅರ್ಧಕ್ಕೇ ಮೇಲೆತ್ತಬೇಕಾಯಿತು. ವಾಚು ಮಾತ್ರ ನಡೆಯುತ್ತಲೇ ಇತ್ತು.

‘ಒತ್ತಿದಾಗ’ ಅನ್ನೋ ಪದ ತಲೆಯಲ್ಲಿ ಕೂತುಬಿಟ್ಟಿತು. ಒತ್ತಿದಾಗ ಎಷ್ಟು ಒಳಗೆ ಹೋಗುತ್ತದೆ? ಇಷ್ಟು ದಿನ ಸ್ಟೆಮ್ ಅಳೆದಿದ್ದೆ, ಕ್ರೌನನ್ನು ಅಳೆದೇ ಇರಲಿಲ್ಲ.

ಕ್ಯಾಲಿಪರ್ ತಂದೆ. ಮಾವನ ಸವೆದ ಕ್ರೌನಿನಲ್ಲಿ ಸ್ಪ್ರಿಂಗಿನ ಓಡಾಟ 1.6 ಮಿ.ಮೀ. ಹೊಸದರಲ್ಲಿ 1.1. ಕಣ್ಣಿಗೆ ಲೂಪ್ ಸಿಕ್ಕಿಸಿಕೊಂಡು, ಕ್ರೌನಿನ ಅಂಚಿಗೆ ಮಾರ್ಕರ್‌ನಲ್ಲಿ ಚುಕ್ಕಿ ಇಟ್ಟು, ಥ್ರೆಡ್ ಹಿಡಿದಲ್ಲಿಂದ ಪೂರ್ತಿ ಬಿಗಿಯುವ ತನಕ ಸುತ್ತು ಎಣಿಸಿದೆ. ಐದು. ಅಷ್ಟರಲ್ಲಿ ಕ್ರೌನು ಇಳಿಯುವುದು 1.5 ಮಿ.ಮೀ.

ಅಲ್ಲಿಗೆ ಕಥೆ ಮುಗಿಯಿತು. ಬಿಗಿಯೋಕೆ 1.5 ಇಳಿಯಬೇಕು, ಸ್ಪ್ರಿಂಗ್ ಬಿಟ್ಟುಕೊಡೋದು 1.1. ಸ್ಟೆಮ್ಮನ್ನು ಎಷ್ಟಕ್ಕೆ ಕತ್ತರಿಸಿದರೂ 0.4 ಸಾಲ ಉಳಿಯುತ್ತದೆ. ಆ ಸಾಲ ಒಂದೋ ಗುಳ್ಳೆಯಾಗಿ ಬರುತ್ತದೆ, ಇಲ್ಲ ಕರಕರ ಆಗಿ ಬರುತ್ತದೆ. ಮೂರು ಸ್ಟೆಮ್ ಸುಮ್ನೆ ಬಲಿಯಾದವು. ‘ನೂರಕ್ಕೆ ನೂರು ಸೇಮ್’ ಅಂತೆ!

ಮೊದಲು ಹೊಳೆದದ್ದು ಟ್ಯೂಬಿನ ಬಾಯಿಯನ್ನೇ ಉಜ್ಜಿ ಗಿಡ್ಡ ಮಾಡುವುದು. ಪೆದ್ದ ಕೆಲಸ. ಥ್ರೆಡ್ ಶುರುವಾಗುವ ಜಾಗ, ಗ್ಯಾಸ್ಕೆಟ್ ಕೂರುವ ಜಾಗ ಎರಡೂ ಒಟ್ಟಿಗೆ ಹಿಂದೆ ಸರಿಯುತ್ತವೆ, ಲೆಕ್ಕ ಅಲ್ಲೇ ಇರುತ್ತದೆ. ಕಡಿಮೆ ಆಗಬೇಕಾದ್ದು ಉದ್ದ ಅಲ್ಲ, ಥ್ರೆಡ್ಡಿನ ಹಿಡಿತ. ಹಾಗಾಗಿ ಟ್ಯೂಬನ್ನು ಲೇತಿಗೆ ಕಟ್ಟಿ, ಬಾಯಿಯ ಕಡೆಯ ಎರಡು ಸುತ್ತು ಥ್ರೆಡ್ ಮಾತ್ರ ಸವರಿ ನುಣುಪು ಮಾಡಿದೆ. ಮೊದಲನೇ ಟ್ಯೂಬ್ ಲೇತಿನ ಹಿಡಿತದಿಂದ ಹಾರಿ ಫ್ರಿಜ್ಜಿನ ಅಡಿಗೆ ಹೋಯಿತು. ಇನ್ನೂ ಅಲ್ಲೇ ಇದೆ.

ಎರಡನೆಯದು ಕೂತಿತು. ಈಗ ಮೂರು ಸುತ್ತಿಗೆ ಬಿಗಿಯುತ್ತದೆ, 0.9 ಮಿ.ಮೀ. ನಾಲ್ಕನೇ ಸ್ಟೆಮ್ ಎರಡೇ ಉಜ್ಜಿಗೆ ಸರಿಹೋಯಿತು. ಬಿಚ್ಚಿದರೆ ಟಕ್ ಅಂತ ನೆಗೆಯುತ್ತದೆ, ಕೀ ಬೆಣ್ಣೆಯ ಹಾಗೆ ಹೋಗುತ್ತದೆ. ಎರಡು ಸುತ್ತು ಥ್ರೆಡ್ ಕಡಿಮೆಯಾದರೆ ನೀರು ಹೋಗಲ್ವಾ ಅಂತ ಕೇಳಬೇಡಿ. ನೀರು ತಡೆಯೋದು ಗ್ಯಾಸ್ಕೆಟ್, ಥ್ರೆಡ್ಡಿನ ಕೆಲಸ ಅದನ್ನು ಒತ್ತಿ ಹಿಡಿಯೋದು. ಹಾಗಂತ ಮೂರು ಸುತ್ತಿನ ಥ್ರೆಡ್ ಬೇಗ ಸವೆಯುತ್ತದೆ ಅನ್ನೋದೂ ಗೊತ್ತು. ಸರಿಯಾದ ಕ್ರೌನ್ ಸಿಕ್ಕ ದಿನ ಇದನ್ನು ಕಿತ್ತು ಹಾಕುತ್ತೇನೆ.

ಈ ಮಧ್ಯೆ ಇನ್ನೊಂದು ಹುಳ ತಲೆಗೆ ಹೊಕ್ಕಿದೆ. ಡ್ರಾಯರ್‌ನಲ್ಲಿ ಅಪ್ಪನ ಎಚ್‌ಎಂಟಿ ಪೈಲಟ್ ಇದೆ. ಅದರ ಕೇಸಿಗೆ ಕೈ ಹಚ್ಚಲ್ಲ, ಆಣೆ. ಆದರೆ ಅದೇ 0231 ಮೂವ್‌ಮೆಂಟಿನ ಇನ್ನೊಂದು ಕೆಟ್ಟ ಪೈಲಟ್ ಹಳೇ ಸಾಮಾನಿನಲ್ಲಿ ಸಿಕ್ಕರೆ, ಅದಕ್ಕೊಂದು ದಪ್ಪ ಕೇಸು ಮಾಡಿ, ಬಿಗಿಯುವ ಕ್ರೌನ್ ಹಾಕಬೇಕು. ಅದು ಕೈಯಲ್ಲಿ ಕೀ ಕೊಡುವ ವಾಚು. ಅಂದರೆ ಕ್ಲಚ್ ಇರುವ ಕ್ರೌನೇ ಬೇಕು. ವಿಲ್ಸ್‌ಡೋರ್ಫ್‌ಗೆ ಬಂದ ಕಷ್ಟ ಈಗ ನನಗೆ. ಯಾರ ಹತ್ತಿರವಾದರೂ ಇದ್ದರೆ ಹೇಳಿ. ಓಡಾಟ ಅಳೆದು ಹೇಳಿ.

ಬೆಳಿಗ್ಗೆ ಮಾವನಿಗೆ ಫೋನ್ ಮಾಡಿ ವಾಚು ರೆಡಿ ಅಂದೆ.

‘ಹಾಕ್ಕೊಂಡು ಈಜಬಹುದೇನೋ?’

‘ಮಾವ, ನಿಮಗೆ ಈಜೋಕೇ ಬರಲ್ವಲ್ಲ.’

‘ನಾನು ಮುಳುಗಿದರೆ ವಾಚಾದರೂ ಉಳಿಯುತ್ತಾ ಅಂತ ಕೇಳಿದ್ದು ಕಣೋ.’