ನೇರಳೆ ಹಣ್ಣಿನ ರಸ ಮತ್ತು ಆರನೇ ಪುಟ

ನಮ್ಮ ಶನಿವಾರದ ಪುರವಣಿಯ ಎರಡನೇ ಪುಟದಲ್ಲಿ, ಬಲಗಡೆಯ ಕೆಳಮೂಲೆಯಲ್ಲಿ ಒಂದು ಸಣ್ಣ ಚೌಕವಿರುತ್ತದೆ. ಜಾಹೀರಾತು ಬಂದರೆ ಮೊದಲು ಹಾರಿಹೋಗುವುದು ಅದೇ. ಅದರ ಹೆಸರು ‘ನಿಜವೋ ಸುಳ್ಳೋ’. ನಾಲ್ಕು ವಾಕ್ಯಗಳಲ್ಲಿ ಮೂರು ನಿಜ, ಒಂದು ನಾವೇ ಕಟ್ಟಿದ ಸುಳ್ಳು. ಓದುಗರು ಸುಳ್ಳನ್ನು ಹೆಕ್ಕಿ ತೆಗೆಯಬೇಕು. ಕನ್ನಡ ದಿನಪತ್ರಿಕೆಯೊಂದರ ಪುರವಣಿ ಡೆಸ್ಕಿನಲ್ಲಿ ಉಪಸಂಪಾದಕನಾಗಿರುವ ನನಗೆ ಹನ್ನೊಂದು ವರ್ಷಗಳಿಂದ ಆ ಚೌಕ ತುಂಬುವ ಕೆಲಸ. ಸಂಪಾದಕೀಯ ಬರೆಯುವವರಿಗೆ ಸಿಗುವ ಮರ್ಯಾದೆ ಇದಕ್ಕಿಲ್ಲ. ಪತ್ರಗಳು ಬರುವುದು ಮಾತ್ರ ಇದಕ್ಕೇ ಹೆಚ್ಚು.

ಪುಟ ಕಟ್ಟುವ ಮುನ್ನ, ಗುರುವಾರ ಸಂಜೆ ಚಹಾ ಬರುವ ಹೊತ್ತಿಗೆ, ನಾಲ್ಕೂ ವಾಕ್ಯಗಳನ್ನು ಡೆಸ್ಕಿನವರ ಮುಂದೆ ಗಟ್ಟಿಯಾಗಿ ಓದುತ್ತೇನೆ. ಯಾರು ಯಾವುದನ್ನು ಸುಳ್ಳೆಂದರು ಎಂಬುದನ್ನು ಡೈರಿಯಲ್ಲಿ ಗುರುತು ಹಾಕಿಕೊಳ್ಳುತ್ತೇನೆ. ಎಲ್ಲರೂ ಮೊದಲ ಏಟಿಗೇ ಸುಳ್ಳನ್ನು ಹಿಡಿದುಬಿಟ್ಟರೆ ಆ ಸುಳ್ಳು ರದ್ದು. ಅವತ್ತು ನಾನು ಮನೆಗೆ ಹೋಗುವುದು ತಡ.

ಒಂದು ಗುರುವಾರ ಓದಿದ್ದು ಇವು. ಆಸ್ಟ್ರೇಲಿಯದ ವೊಂಬ್ಯಾಟ್ ಎಂಬ ಪ್ರಾಣಿಯ ಹಿಕ್ಕೆ ಪಗಡೆಯ ದಾಳದಂತೆ ಚೌಕವಾಗಿರುತ್ತದೆ. 1896ರಲ್ಲಿ ಬ್ರಿಟನ್ನಿಗೂ ಜಾಂಜಿಬಾರಿಗೂ ನಡೆದ ಯುದ್ಧ ಒಂದು ಗಂಟೆಯೊಳಗೆ ಮುಗಿಯಿತು. ಅಶೋಕನ ಹೆಸರಿರುವ ಶಾಸನವನ್ನು ರಾಯಚೂರು ಜಿಲ್ಲೆಯಲ್ಲಿ ಕಂಡವನು ಚಿನ್ನದ ಗಣಿಗಾರಿಕೆಯ ಎಂಜಿನಿಯರ್. ಜಿರಾಫೆ ದಿನಕ್ಕೆ 100 ಕಿಲೋ ಎಲೆ ತಿಂದು 100 ನಿಮಿಷ ಮಾತ್ರ ಮಲಗುತ್ತದೆ.

ಕ್ರೀಡಾ ಪುಟದವರು ಹಿಕ್ಕೆಯ ವಾಕ್ಯ ಮುಗಿಯುವ ಮೊದಲೇ ಕೈ ಎತ್ತಿದರು. “ಚೌಕವಾಗಿ ಬರುವುದಕ್ಕೆ ಅದೇನು ಒಳಗೆ ಇಟ್ಟಿಗೆ ಗೂಡು ಇಟ್ಟುಕೊಂಡಿದೆಯೇ ಸಾರ್?” ಹೊಸದಾಗಿ ತರಬೇತಿಗೆ ಸೇರಿದ್ದ ಹುಡುಗಿ, “ಅಶೋಕನದು ಸುಳ್ಳು ಸಾರ್. ಚಿನ್ನ ಹುಡುಕುವವನಿಗೆ ಚಕ್ರವರ್ತಿ ಸಿಕ್ಕಿದನೆಂದರೆ ಸಿನಿಮಾ ಕಥೆಯ ಹಾಗಿದೆ” ಎಂದಳು. ಜಿರಾಫೆಯ ಕಡೆಗೆ ಯಾರೂ ತಿರುಗಿಯೂ ನೋಡಲಿಲ್ಲ. ಕೊನೆಗೆ ಮೂಲೆಯಲ್ಲಿ ಕರಡು ತಿದ್ದುತ್ತಿದ್ದ ಹಿರಿಯರು ತಲೆಯೆತ್ತದೆ ಕೇಳಿದರು: “ಆ ಯುದ್ಧ ಎಷ್ಟು ನಿಮಿಷವಂತೆ?”

“ಕೆಲವರು 38 ಎನ್ನುತ್ತಾರೆ, ಕೆಲವರು 45 ಎನ್ನುತ್ತಾರೆ.”

“ಹಾಗಾದರೆ ಅದು ನಡೆದಿದೆ. ನಿಮ್ಮ ಜಿರಾಫೆ ಸುಳ್ಳು. ನೂರಕ್ಕೆ ನೂರು ಎಂದು ಲೆಕ್ಕ ಇಷ್ಟು ಸಲೀಸಾಗಿ ಕೂಡಿ ಬಂದರೆ ನನಗೆ ಅನುಮಾನ.”

ಮೂವತ್ತು ವರ್ಷ ಅಂಕಿಗಳ ತಪ್ಪು ಹಿಡಿದವರ ಮಾತು ಅದು. ಅಂದಿನಿಂದ ನನ್ನ ಹಳೆಯ ಸುಳ್ಳುಗಳನ್ನು ತೆಗೆದು ನೋಡತೊಡಗಿದೆ. ನಾನು ಕಟ್ಟಿದ್ದೆಲ್ಲ ಗೀರಿಲ್ಲದ ಹೊಸ ಸ್ಟೀಲ್ ಲೋಟದ ಹಾಗಿದ್ದವು. ನಿಜ ಸಂಗತಿಗಳು ಹಾಗಿರುವುದಿಲ್ಲ. ಎಲ್ಲಾದರೂ ಒಂದು ಕಡೆ ಬೆರಳಿಗೆ ತರಚುತ್ತವೆ. ಜಾಂಜಿಬಾರಿನ ಯುದ್ಧದ ನಿಮಿಷಗಳ ಬಗ್ಗೆ ಇನ್ನೂ ತಕರಾರಿದೆ, ಏಕೆಂದರೆ ಮೊದಲ ಗುಂಡು ಯಾವಾಗ ಹಾರಿತು, ಯುದ್ಧ ಮುಗಿಯಿತೆಂದು ಹೇಳುವುದು ಯಾವ ಕ್ಷಣಕ್ಕೆ ಎಂಬುದನ್ನು ಒಬ್ಬೊಬ್ಬರು ಒಂದೊಂದು ರೀತಿ ಹಿಡಿದಿದ್ದಾರೆ. ಸುಳ್ಳು ಕಟ್ಟುವವನಿಗೆ ಇಂಥ ತಕರಾರನ್ನೂ ಜೊತೆಗೆ ಹುಟ್ಟಿಸುವ ವ್ಯವಧಾನ ಇರುವುದಿಲ್ಲ.

ಅಶೋಕನ ಸಂಗತಿಯನ್ನು ಆ ಹುಡುಗಿಗೆ ನಂಬಿಸಲು ಇನ್ನೊಂದು ಲೋಟ ಚಹಾ ಬೇಕಾಯಿತು. 1837ರಲ್ಲಿ ಜೇಮ್ಸ್ ಪ್ರಿನ್ಸೆಪ್ ಎಂಬ ಇಂಗ್ಲಿಷ್ ವಿದ್ವಾಂಸ ಬ್ರಾಹ್ಮಿ ಲಿಪಿಯನ್ನು ಓದಿದಾಗ ಶಾಸನಗಳಲ್ಲಿ ಸಿಕ್ಕಿದ್ದು ‘ದೇವಾನಾಂಪ್ರಿಯ ಪ್ರಿಯದರ್ಶಿ’ ಎಂಬ ಬಿರುದು. ಈ ರಾಜ ಅಶೋಕನೇ ಎಂಬುದನ್ನು ಸಿಂಹಳದ ಗ್ರಂಥಗಳ ಆಧಾರದಿಂದ ಹೊಂದಿಸಿಕೊಂಡಿದ್ದರು. ಕಲ್ಲಿನ ಮೇಲೆ ಹೆಸರು ಕಂಡಿದ್ದು 1915ರಲ್ಲಿ, ಆಗ ನಿಜಾಮರ ಆಳ್ವಿಕೆಯಲ್ಲಿದ್ದ ಮಸ್ಕಿಯಲ್ಲಿ. ಕಂಡವನು ಬೀಡನ್ ಎಂಬ ಎಂಜಿನಿಯರ್. ‘ದೇವಾನಾಂಪಿಯಸ ಅಸೋಕಸ’ ಎಂದು ಅಲ್ಲಿತ್ತು. ಆಮೇಲೆ ಮಧ್ಯಪ್ರದೇಶದ ಗುಜರ್ರಾದಲ್ಲಿ, ನಮ್ಮ ಬಳ್ಳಾರಿ ಕಡೆಯ ನಿಟ್ಟೂರು, ಉಡೇಗೋಳಗಳಲ್ಲಿ ಆ ಹೆಸರು ಮತ್ತೆ ಸಿಕ್ಕಿತು. ಮಸ್ಕಿಯ ಸುತ್ತಮುತ್ತ ಚಿನ್ನ ಹುಡುಕುವುದೇನೂ ವಿಚಿತ್ರವಲ್ಲ, ಹಟ್ಟಿಯ ಗಣಿ ಅದೇ ಜಿಲ್ಲೆಯಲ್ಲಿದೆ ಎಂದಾಗ ಅವಳು, “ಹಟ್ಟಿ ನನ್ನ ಸೋದರಮಾವನ ಊರು ಸಾರ್” ಎಂದಳು. ಅಲ್ಲಿಗೆ ಸಿನಿಮಾ ಕಥೆ ಊರ ಕಥೆಯಾಯಿತು.

ಹಿಕ್ಕೆಯ ವಿಚಾರ ಕ್ರೀಡಾ ಪುಟದವರಿಗೆ ಇಂದಿಗೂ ಪೂರ್ತಿ ಒಪ್ಪಿಗೆಯಾಗಿಲ್ಲ. ಅದರ ಕರುಳಿನ ಗೋಡೆ ಒಂದೆಡೆ ಬಿಗಿ, ಇನ್ನೊಂದೆಡೆ ಸಡಿಲ. ಒಣಗುತ್ತ ಬರುವ ಮಲಕ್ಕೆ ಅಲ್ಲೇ ಮೂಲೆಗಳು ಮೂಡುತ್ತವೆ. ಇದನ್ನು ಕಂಡುಹಿಡಿದವರಿಗೆ 2019ರಲ್ಲಿ, ಮೊದಲು ನಗಿಸಿ ಆಮೇಲೆ ಯೋಚಿಸುವಂತೆ ಮಾಡುವ ಸಂಶೋಧನೆಗೆ ಕೊಡುವ ಇಗ್ ನೊಬೆಲ್ ಬಹುಮಾನ ಸಿಕ್ಕಿತು.

ಇಷ್ಟಾದ ಮೇಲೆ ನನಗೆ ಸ್ವಲ್ಪ ಕೊಬ್ಬು ಬಂದಿತ್ತೆಂದೇ ಹೇಳಬೇಕು. ಸುಳ್ಳಿನ ವಾಸನೆ ನನಗೆ ತಿಳಿಯುತ್ತದೆ ಎಂದುಕೊಂಡಿದ್ದೆ. ಆಗಲೇ ಒಂದು ಶನಿವಾರ, ‘ನಿಜ’ಗಳ ಸಾಲಿನಲ್ಲಿ, “ಏಷ್ಯಾದ ಮೊಟ್ಟಮೊದಲ ಜಲವಿದ್ಯುತ್ ಕೇಂದ್ರ ನಮ್ಮ ಶಿವನಸಮುದ್ರದ್ದು” ಎಂದು ಅಚ್ಚು ಹಾಕಿಸಿದೆ. ಮುಂದಿನ ಬುಧವಾರ ಒಂದು ಅಂಚೆ ಕಾರ್ಡ್ ಬಂತು. ವಿದ್ಯುತ್ ಇಲಾಖೆಯ ನಿವೃತ್ತ ಎಂಜಿನಿಯರ್ ಒಬ್ಬರದು, ಗುಂಡು ಗುಂಡಾದ ಅಕ್ಷರ. “ಮಾನ್ಯರೇ, ಶಿವನಸಮುದ್ರ 1902. ಡಾರ್ಜಿಲಿಂಗಿನ ಸಿದ್ರಾಪಾಂಗ್ 1897. ಏಷ್ಯಾ ಹಾಗಿರಲಿ, ಭಾರತದಲ್ಲೇ ಮೊದಲನೆಯದಲ್ಲ. ಜಪಾನಿನ ಕ್ಯೋಟೋದಲ್ಲಿ 1891ರಲ್ಲೇ ಆಗಿದೆ. ನಾನು ಶಿವನಸಮುದ್ರದಲ್ಲಿ ಕೆಲಸ ಮಾಡಿದವನು, ಆದ್ದರಿಂದ ಬರೆಯಲು ನನಗೂ ಸಂಕಟವಾಗುತ್ತಿದೆ.”

ಆ ಕೊನೆಯ ಸಾಲು ಓದಿ ಕಿವಿ ಬಿಸಿಯಾಯಿತು. ಅದೇ ವಾರದ ನನ್ನ ಟಿಪ್ಪಣಿಗಳನ್ನು ತೆಗೆದು ನೋಡಿದೆ. ಆಕ್ಟೋಪಸ್‌ಗೆ ಮೂರು ಹೃದಯ ಎಂಬುದಕ್ಕೆ ಮೂರು ಕಡೆ ತಾಳೆ ನೋಡಿ, ದಿನಾಂಕ ಸಮೇತ ಬರೆದಿಟ್ಟಿದ್ದೆ. ಬಾಳೆಹಣ್ಣು ಸಸ್ಯಶಾಸ್ತ್ರದ ಪ್ರಕಾರ ‘ಬೆರ್‍ರಿ’ ಜಾತಿಗೆ ಸೇರುತ್ತದೆ, ಸ್ಟ್ರಾಬೆರಿ ಸೇರುವುದಿಲ್ಲ ಎಂಬುದಕ್ಕೆ ಕಾಲೇಜಿನ ಸಸ್ಯಶಾಸ್ತ್ರ ಮೇಷ್ಟ್ರಿಗೆ ಫೋನು ಮಾಡಿ ಅವರ ಊಟ ಕೆಡಿಸಿದ್ದೆ. ಶಿವನಸಮುದ್ರದ ಎದುರಿಗೆ ಏನೂ ಇರಲಿಲ್ಲ, ಬರೀ ಒಂದು ಸರಿ ಗುರುತು. ಮಳವಳ್ಳಿ ಕಡೆಯವನಾದ ನನಗೆ ಅದನ್ನು ತಾತ ಹೇಳಿದ್ದರು, ಶಾಲೆಯ ಪ್ರವಾಸದಲ್ಲಿ ಮೇಷ್ಟ್ರು ಹೇಳಿದ್ದರು, ಭಾಷಣದಲ್ಲಿ ಮಂತ್ರಿಗಳು ಹೇಳಿದ್ದರು. ಬಾಳೆಹಣ್ಣಿನ ಮೇಲೆ ಅನುಮಾನ ಪಟ್ಟವನಿಗೆ ತಾತನ ಮೇಲೆ ಪಡಲು ಆಗಿರಲಿಲ್ಲ.

ತಿದ್ದುಪಡಿ ಹಾಕಿದೆವು. ಬೇಸರದ ಸಂಗತಿ ಎಂದರೆ ಆ ‘ಮೊದಲು’ ಎಂಬ ಪದ ಶಿವನಸಮುದ್ರಕ್ಕೆ ಬೇಕಿರಲೇ ಇಲ್ಲ. ಅಲ್ಲಿ ತಯಾರಾದ ಕರೆಂಟನ್ನು 1902ರಲ್ಲಿ ಸುಮಾರು 147 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಗೆ ತಂತಿಯಲ್ಲಿ ಒಯ್ದರು. ಆ ಕಾಲಕ್ಕೆ ಜಗತ್ತಿನ ಅತಿ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಅದೂ ಒಂದು. ಬೆಂಗಳೂರಿನ ಬೀದಿಗೆ ಅದೇ ನೀರಿನ ಬೆಳಕು ಬಂದಿದ್ದು ಮೂರು ವರ್ಷ ಕಳೆದು, 1905ರಲ್ಲಿ. ಊರಿಗಿಂತ ಮೊದಲು ಗಣಿಗೆ ದೀಪ! ಇದನ್ನು ಬರೆದಿದ್ದರೆ ಚೌಕ ಎಷ್ಟು ಚೆನ್ನಾಗಿರುತ್ತಿತ್ತು.

ಆಮೇಲೆ ನನ್ನ ಡೈರಿಯನ್ನು ಬೇರೆ ಕಣ್ಣಿನಿಂದ ಓದಿದೆ. ಡೆಸ್ಕಿನವರು ಎಡವುವುದು ವಿಚಿತ್ರವಾದ ವಾಕ್ಯಗಳಲ್ಲಿ ಎಂದುಕೊಂಡಿದ್ದೆ. ಅಲ್ಲಿ ಎಲ್ಲರೂ ಎಚ್ಚರದಿಂದಲೇ ಇರುತ್ತಾರೆ. ಹೆಚ್ಚೆಂದರೆ ನಿಜವನ್ನು ಸುಳ್ಳೆನ್ನುತ್ತಾರೆ, ಅದರಿಂದ ಯಾರಿಗೂ ನಷ್ಟವಿಲ್ಲ. ಒಮ್ಮತದಿಂದ ಮೋಸಹೋಗುವುದು ಎದೆಯುಬ್ಬಿಸುವ ವಾಕ್ಯಗಳಲ್ಲಿ. ಗೋಲ ಗುಂಬಜ್ ಪ್ರಪಂಚದ ಎರಡನೇ ದೊಡ್ಡ ಗುಮ್ಮಟ ಎಂದರೆ ಯಾರೂ ಕೈ ಎತ್ತುವುದಿಲ್ಲ. ಅದರ ಒಳವ್ಯಾಸ ಸುಮಾರು 38 ಮೀಟರ್. ರೋಮಿನ ಪ್ಯಾಂಥಿಯನ್ನಿನದು 43, ಅದು ಗೋಲ ಗುಂಬಜ್‌ಗಿಂತ ಸಾವಿರದೈನೂರು ವರ್ಷ ಹಳೆಯದು. ಫ್ಲಾರೆನ್ಸಿನದು, ಸೇಂಟ್ ಪೀಟರ್ಸ್‌ನದು ಕೂಡ ದೊಡ್ಡವು. ‘ಜನ ಗಣ ಮನ’ವನ್ನು ಯುನೆಸ್ಕೊ ಜಗತ್ತಿನ ಶ್ರೇಷ್ಠ ರಾಷ್ಟ್ರಗೀತೆಯೆಂದು ಸಾರಿದೆ ಎಂಬ ಬರಹ ಪ್ರತಿ ಆಗಸ್ಟಿನಲ್ಲೂ ತಪ್ಪದೆ ಬರುತ್ತದೆ, ಗಣೇಶನ ಚಂದಾ ರಸೀದಿ ಬರುವ ಹಾಗೆ. ಯುನೆಸ್ಕೊ ಅಂಥ ಘೋಷಣೆಯನ್ನೇ ಮಾಡಿಲ್ಲ. ಈಗ ‘ಮೊದಲ’, ‘ಅತಿ’, ‘ಏಕೈಕ’ ಎಂಬ ಪದ ಕಂಡರೆ ಕೆಂಪು ಶಾಯಿಯಲ್ಲಿ ಸುತ್ತು ಹಾಕಿ, ಯಾವುದರಲ್ಲಿ, ಯಾವ ವರ್ಷದವರೆಗೆ, ಅಳೆದವರು ಯಾರು ಎಂದು ಪಕ್ಕದಲ್ಲಿ ಬರೆಯುತ್ತೇನೆ. ಇದರಿಂದ ಊರಿನ ಅಭಿಮಾನಿಗಳ ಬೈಗುಳ ಖಾಯಂ ಆಗಿದೆ.

ಇನ್ನು ನೇರಳೆ ಹಣ್ಣಿನ ಕಥೆ. ಇದು ನನ್ನ ವೃತ್ತಿಜೀವನದಲ್ಲಿ ಅತ್ಯಂತ ಹೆಚ್ಚು ಓಡಿದ ಬರಹ, ಒಂದೇ ವಾಕ್ಯದ್ದು.

ಕರಡು ತಿದ್ದುವವರ ಮಾತು ಕೇಳಿದ ಮೇಲೆ ಸುಳ್ಳು ಕಟ್ಟುವ ವಿಧಾನ ಬದಲಿಸಿಕೊಂಡಿದ್ದೆ. ಪೂರ್ತಿ ಸುಳ್ಳಿನ ಬದಲು ನಿಜವೊಂದನ್ನು ತೆಗೆದುಕೊಂಡು ಅದರ ಒಂದು ಕೀಲು ಮಾತ್ರ ಬದಲಿಸುವುದು. ಮತದಾನದ ಶಾಯಿ ಮೈಸೂರಿನದು ಎಂಬುದು ನಿಜ. 1937ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ ಅರಗು ಮತ್ತು ಬಣ್ಣದ ಕಾರ್ಖಾನೆಯಾಗಿ ಶುರುವಾದ ಸಂಸ್ಥೆ, ಈಗಿನ ಮೈಸೂರು ಪೇಂಟ್ಸ್ ಅಂಡ್ ವಾರ್ನಿಷ್, 1962ರ ಮಹಾಚುನಾವಣೆಯಿಂದ ಅದನ್ನು ಮಾಡಿಕೊಡುತ್ತಿದೆ, ಹೊರದೇಶಗಳಿಗೂ ಕಳಿಸುತ್ತದೆ. ಇಷ್ಟನ್ನೂ ಉಳಿಸಿಕೊಂಡು, “ಈ ಶಾಯಿಗೆ ನೇರಳೆ ಹಣ್ಣಿನ ರಸ ಬೆರೆಸುತ್ತಾರೆ, ಅದಕ್ಕೇ ಆ ಬಣ್ಣ” ಎಂದು ಬಾಲ ಸೇರಿಸಿದೆ. ಗುರುವಾರದ ಚಹಾಕ್ಕೆ ಎಲ್ಲರೂ ಸೋತರು. ಕರಡಿನ ಹಿರಿಯರೂ ಸೋತರು. ನೇರಳೆ ತಿಂದು ನಾಲಿಗೆ ನೀಲಿ ಮಾಡಿಕೊಂಡು, ಅಂಗಿಯ ಮೇಲಿನ ಕಲೆ ಹೋಗದೆ ಅಮ್ಮನಿಂದ ಏಟು ತಿನ್ನದವರು ನಮ್ಮ ಡೆಸ್ಕಿನಲ್ಲಿ ಯಾರೂ ಇರಲಿಲ್ಲ. ನನಗೆ ಬಹಳ ಖುಷಿಯಾಯಿತು.

ಉತ್ತರ, ಆಗಿನ ಪದ್ಧತಿಯಂತೆ, ಆರನೇ ಪುಟದಲ್ಲಿ ತಲೆಕೆಳಗಾಗಿ ಅಚ್ಚಾಯಿತು: ಸುಳ್ಳು, ಶಾಯಿಯಲ್ಲಿರುವುದು ಸಿಲ್ವರ್ ನೈಟ್ರೇಟ್, ಚರ್ಮಕ್ಕೆ ತಗುಲಿ ಬೆಳಕು ಬಿದ್ದಾಗ ಕಪ್ಪಾಗುತ್ತದೆ, ಚರ್ಮ ಸವೆದ ಹಾಗೆ, ಉಗುರು ಬೆಳೆದ ಹಾಗೆ ಹೋಗುತ್ತದೆ.

ಎರಡನೇ ಪುಟವನ್ನು ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದರು. ಆರನೇ ಪುಟವನ್ನು ತೆಗೆಯಲಿಲ್ಲ. ಚೌಕದ ನೆತ್ತಿಯ ಮೇಲಿದ್ದ ‘ನಿಜವೋ ಸುಳ್ಳೋ’ ಎಂಬ ಶೀರ್ಷಿಕೆಯನ್ನೂ ಇನ್ಯಾರೋ ಕತ್ತರಿಸಿದರು. ಪತ್ರಿಕೆಯ ಹೆಸರು ಮಾತ್ರ ಭದ್ರವಾಗಿ ಉಳಿಯಿತು. ಆ ವಾಕ್ಯ ನೆಂಟರ ಗುಂಪುಗಳಿಗೆ, ಅಪಾರ್ಟ್‌ಮೆಂಟ್ ಗುಂಪುಗಳಿಗೆ, ಹಳೆ ವಿದ್ಯಾರ್ಥಿಗಳ ಗುಂಪುಗಳಿಗೆ ಹೋಯಿತು. ಎರಡು ವರ್ಷದ ನಂತರ ನಮ್ಮದೇ ಮಕ್ಕಳ ಪುಟಕ್ಕೆ ಪ್ರೌಢಶಾಲೆಯ ಶಿಕ್ಷಕಿಯೊಬ್ಬರು ಲೇಖನ ಕಳಿಸಿದರು, ‘ನಮ್ಮ ಹೆಮ್ಮೆಯ ಮೈಸೂರು ಶಾಯಿ’ ಎಂದು. ಎರಡನೇ ಪ್ಯಾರಾದಲ್ಲಿ ನೇರಳೆ ಹಣ್ಣು ಇತ್ತು. ಅದು ಸಾಲದೆ, ರಸ ಹಿಂಡುವುದು ಆಷಾಢದಲ್ಲಿ ಮಾತ್ರ ಎಂದೂ ಸೇರಿತ್ತು. ನಾನು ಹಚ್ಚದ ಎಲೆಯೂ ಗಿಡದಲ್ಲಿ ಚಿಗುರಿಬಿಟ್ಟಿತ್ತು.

ಲೇಖನವನ್ನು ಪುರವಣಿಯ ಮುಖ್ಯಸ್ಥರಾದ ಮೇಡಂ ಮೇಜಿನ ಮೇಲಿಟ್ಟೆ. ಅವರು ಬೈಯಲಿಲ್ಲ. “ನಿಮ್ಮ ಕಸುಬಿನ ಹಿರಿಯರು ಇದಕ್ಕಿಂತ ದೊಡ್ಡದನ್ನು ಮಾಡಿದ್ದಾರೆ, ಬಿಡಿ” ಎಂದು ಐನ್‌ಸ್ಟೈನ್ ಸಂಗತಿ ಹೇಳಿದರು. ಐನ್‌ಸ್ಟೈನ್ ಗಣಿತದಲ್ಲಿ ನಪಾಸಾಗಿದ್ದರು ಎಂಬ ಮಾತನ್ನು 1935ರಲ್ಲಿ ಅಮೆರಿಕದ ಪತ್ರಿಕೆಯ ಅಚ್ಚರಿಗಳ ಅಂಕಣವೊಂದು ಹಾಕಿತ್ತು. ಅದನ್ನು ತೋರಿಸಿದಾಗ ಐನ್‌ಸ್ಟೈನ್ ನಕ್ಕು, ಹದಿನೈದು ತುಂಬುವ ಮೊದಲೇ ಕಲನಶಾಸ್ತ್ರ ಕರಗತ ಮಾಡಿಕೊಂಡಿದ್ದೆ ಎಂದಿದ್ದರು. 1896ರಲ್ಲಿ ಸ್ವಿಟ್ಜರ್ಲೆಂಡಿನ ಆರೌ ಶಾಲೆಯಿಂದ ಅವರಿಗೆ ಸಿಕ್ಕಿದ ಪ್ರಮಾಣಪತ್ರದಲ್ಲಿ ಬೀಜಗಣಿತಕ್ಕೂ ರೇಖಾಗಣಿತಕ್ಕೂ ಆರಕ್ಕೆ ಆರು ಇದೆ. ಅಲ್ಲಗಳೆಯಲು ಸ್ವತಃ ಐನ್‌ಸ್ಟೈನ್ ಇದ್ದರು, ಆದರೂ ಮಾತು ನಿಲ್ಲಲಿಲ್ಲ. ನಪಾಸಾದ ಹುಡುಗರಿಗೆ ಧೈರ್ಯ ಹೇಳಬೇಕಾದಾಗ ನಮ್ಮ ಶಾಲೆಗಳಲ್ಲಿ ಅದು ಇಂದಿಗೂ ಕೈಗೆ ಸಿಗುವ ಮೊದಲ ಉದಾಹರಣೆ. “ಜನಕ್ಕೆ ಉಪಯೋಗವಿರುವ ಸುಳ್ಳನ್ನು ಬರೆಯಬೇಡಿ. ಜಿರಾಫೆಯ ಸುಳ್ಳು ಬರೆಯಿರಿ, ಅದನ್ನು ಇಟ್ಟುಕೊಂಡು ಯಾರೂ ಏನೂ ಮಾಡಲಾರರು” ಎಂದರು ಮೇಡಂ.

ಮರುವಾರದಿಂದ ಎರಡು ಬದಲಾವಣೆ ಆಯಿತು. ಉತ್ತರ ಅದೇ ಚೌಕದೊಳಗೆ, ಆಯಾ ವಾಕ್ಯದ ಬುಡದಲ್ಲೇ ಬಂತು. ಆಟದ ರುಚಿ ಸ್ವಲ್ಪ ಕೆಟ್ಟಿತು. ಪುಟ ವಿನ್ಯಾಸ ಮಾಡುವವರು ಎರಡು ವಾರ ನನ್ನ ಜೊತೆ ಮಾತು ಬಿಟ್ಟರು. ಎರಡನೆಯದು, ನಿಜ–ಸುಳ್ಳುಗಳ ಜೊತೆ ‘ತೀರ್ಮಾನವಾಗಿಲ್ಲ’ ಎಂಬ ಮೂರನೇ ಉತ್ತರ. ಅದನ್ನು ಕೇಳಿ ತೆಗೆದುಕೊಂಡಿದ್ದು ನಾನೇ. ಈಜಿಪ್ಟಿನ ಆಕ್ಸಿರಿಂಕಸ್‌ನಲ್ಲಿ ಸಿಕ್ಕ ಪಪೈರಸ್‌ನ ಗ್ರೀಕ್ ಪ್ರಹಸನದಲ್ಲಿ ಕನ್ನಡದ ಮಾತುಗಳಿವೆ ಎಂಬ ವಾಕ್ಯ ವರ್ಷಗಟ್ಟಲೆ ನನ್ನ ಬಳಿ ಬಿದ್ದಿತ್ತು. ಅದರಲ್ಲಿ ಭಾರತದ ತೀರದ ಜನ ಗ್ರೀಕರಿಗೆ ಅರ್ಥವಾಗದ ಭಾಷೆಯಾಡುವುದು ನಿಜ. ಹುಲ್ಟ್ಸ್ ಎಂಬ ಜರ್ಮನ್ ವಿದ್ವಾಂಸರು ಅದನ್ನು ಕನ್ನಡವೆಂದು ಓದಿದ್ದೂ ನಿಜ. ಎಲ್ಲ ವಿದ್ವಾಂಸರೂ ಒಪ್ಪಲಿಲ್ಲ, ತುಳು ಎಂದವರೂ ಇದ್ದಾರೆ. ಮೂರನೇ ಉತ್ತರ ಹುಟ್ಟಿದ ವಾರವೇ ಅದನ್ನು ಹಾಕಿದೆ. ಕನ್ನಡದವರೂ ಬೈದರು, ತುಳುವರೂ ಬೈದರು. ಮೇಡಂ ಎರಡೂ ಕಡೆಯ ಪತ್ರಗಳನ್ನು ಒಂದೇ ದಾರದಲ್ಲಿ ಕಟ್ಟಿ ನನ್ನ ಮೇಜಿಗೆ ಕಳಿಸಿದರು.

ಕಳೆದ ಚುನಾವಣೆಯ ದಿನ ನಮ್ಮ ಬಡಾವಣೆಯ ಶಾಲೆಯಲ್ಲಿ ಸಾಲಿನಲ್ಲಿ ನಿಂತಿದ್ದೆ. ಹಿಂದೆ ಒಬ್ಬರು ತಮ್ಮ ಪುಟ್ಟ ಮಗಳಿಗೆ, “ಆ ಕಲೆ ಯಾಕೆ ಹೋಗುವುದಿಲ್ಲ ಗೊತ್ತೇನಮ್ಮಾ? ಅದರಲ್ಲಿ ನೇರಳೆ ಹಣ್ಣಿನ ರಸ ಇದೆ” ಎನ್ನುತ್ತಿದ್ದರು. ಸುಮ್ಮನಿರಲಾಗಲಿಲ್ಲ. ತಿರುಗಿ, “ಇಲ್ಲ ಸಾರ್, ಅದು ಸಿಲ್ವರ್ ನೈಟ್ರೇಟ್” ಎಂದೆ.

“ಇಲ್ಲ ಸ್ವಾಮಿ, ಪೇಪರಿನಲ್ಲೇ ಬಂದಿತ್ತು” ಎಂದು ಅವರು ನಮ್ಮ ಪತ್ರಿಕೆಯ ಹೆಸರು ಹೇಳಿದರು. “ಅವರು ನೋಡದೆ ಹಾಕುವವರಲ್ಲ.”

ಆರನೇ ಪುಟ ನೋಡಲಿಲ್ಲವೇ ಎಂದು ಕೇಳಲು ಬಾಯಿ ತೆರೆದೆ. ಒಳಗಿನಿಂದ ನನ್ನ ಕ್ರಮಸಂಖ್ಯೆ ಕೂಗಿದರು.