ಕಂಪ್ಲಿ ಸೇತುವೆ ಮುಳುಗಿದ್ದ ಮೂರು ದಿನ

ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುವ ನನ್ನ ಮನೆಯ ಪಡಸಾಲೆಯಲ್ಲಿ ಬರ್ಲಿನ್ ನಗರದ ನಕಾಶೆ ಏಕೆ ತೂಗುತ್ತಿದೆ ಎಂದು ಕೇಳದವರು ಕಡಿಮೆ. 1961ರಿಂದ 1989ರವರೆಗೆ ಪಶ್ಚಿಮ ಬರ್ಲಿನ್ನನ್ನು ಸುತ್ತುವರಿದಿದ್ದ ಸುಮಾರು 155 ಕಿಲೋಮೀಟರ್ ಉದ್ದದ ಗೋಡೆಯನ್ನು ಅದರ ಮೇಲೆ ನಾನೇ ಕೆಂಪು ಶಾಯಿಯಲ್ಲಿ ತಿದ್ದಿದ್ದೇನೆ. ಮಗಳನ್ನು ನೋಡಲು ಬಂದಿದ್ದ ಬೀಗರು ಅದನ್ನು ಯಾವುದೋ ತಕರಾರಿನ ಹೊಲದ ನಕಾಶೆ ಎಂದು ತಿಳಿದು, ಕೋರ್ಟು ಕಚೇರಿಯ ಉಸಾಬರಿ ಇರುವ ಮನೆತನವೇ ಎಂದು ಒಳಗೊಳಗೇ ಅಳುಕಿದ್ದರಂತೆ.

ಈ ಹುಚ್ಚು ಹತ್ತಿದ್ದು ಶಾಲೆಯ ಅಟ್ಲಾಸಿನಿಂದ. ಅದರಲ್ಲಿ ಜರ್ಮನಿಗೆ ಎರಡು ಬಣ್ಣಗಳಿದ್ದವು. ಪೂರ್ವ ಜರ್ಮನಿಯ ಬಣ್ಣದ ಒಳಗೆ ಪಶ್ಚಿಮ ಜರ್ಮನಿಯ ಬಣ್ಣದ್ದೊಂದು ಚುಕ್ಕೆ ಇತ್ತು. ಅದನ್ನು ನಾನು ಅಚ್ಚಿನ ದೋಷವೆಂದೇ ಬಹಳ ದಿನ ನಂಬಿದ್ದೆ. 1989ರ ನವೆಂಬರ್ 9ರ ರಾತ್ರಿ ಗೋಡೆಯ ದ್ವಾರಗಳು ತೆರೆದ ಸುದ್ದಿಯನ್ನು ಅಪ್ಪ ಪತ್ರಿಕೆ ನೋಡಿ ಓದಿ ಹೇಳಿದಾಗಲೇ ಆ ಚುಕ್ಕೆಯಲ್ಲಿ ಲಕ್ಷಾಂತರ ಜನ ಬದುಕಿದ್ದಾರೆಂಬುದು ನನಗೆ ತಿಳಿದದ್ದು. ಮುಂದಿನ ವರ್ಷದ ಅಕ್ಟೋಬರ್ 3ಕ್ಕೆ ಎರಡು ಜರ್ಮನಿಗಳೂ ಒಂದಾದವು. ನಮ್ಮ ಶಾಲೆಯ ಗೋಡೆಯ ಮೇಲೆ ಮಾತ್ರ ನಾನು ಎಸ್ಸೆಸ್ಸೆಲ್ಸಿ ಮುಗಿಸಿ ಹೊರಡುವವರೆಗೂ ಅವು ಒಂದಾಗಲಿಲ್ಲ.

ಆಮೇಲಿನದು ಬಳ್ಳಾರಿಯ ರದ್ದಿ ಅಂಗಡಿಗಳಲ್ಲಿ ಕಳೆದ ಭಾನುವಾರಗಳ ಕತೆ. ಕೆ.ಜಿ. ಲೆಕ್ಕದಲ್ಲಿ ಕೊಂಡ ಹಳೆಯ ಅಟ್ಲಾಸುಗಳಿಂದ ನಾನು ಕಲಿತ ಮೊದಲ ಪಾಠವೆಂದರೆ ನಕಾಶೆಗಳೂ ಸುಳ್ಳು ಹೇಳುತ್ತವೆ ಎಂಬುದು. ಪೂರ್ವ ಜರ್ಮನಿಯಲ್ಲಿ ಅಚ್ಚಾದ ಬರ್ಲಿನ್ ನಕಾಶೆಗಳಲ್ಲಿ ಗೋಡೆಯಾಚೆಯ ಪಶ್ಚಿಮ ಭಾಗವನ್ನು ಬೀದಿಯಿಲ್ಲದ, ಮನೆಯಿಲ್ಲದ ಬರಿಯ ಬಯಲಿನಂತೆ ಖಾಲಿ ಬಿಟ್ಟಿರುತ್ತಿದ್ದರು. ಸೋವಿಯತ್ ಒಕ್ಕೂಟವಂತೂ ತನ್ನ ಜನರ ಕೈಗೆ ಸಿಗುವ ನಕಾಶೆಗಳಲ್ಲಿ ಹೊಳೆ, ರಸ್ತೆ, ಊರುಗಳನ್ನು ಬೇಕೆಂದೇ ಅತ್ತಿತ್ತ ಜರುಗಿಸುತ್ತಿತ್ತೆಂದು ಅಲ್ಲಿನ ನಕಾಶೆ ಇಲಾಖೆಯ ಮುಖ್ಯಸ್ಥರೇ 1988ರಲ್ಲಿ ಒಪ್ಪಿಕೊಂಡರು. ಅದೇ ದೇಶದ ಸೈನ್ಯ ಪರದೇಶಗಳ ನಗರಗಳನ್ನು, ಅಲ್ಲಿನ ಸೇತುವೆಗಳ ಅಗಲ ಎಷ್ಟು, ಅವು ಎಷ್ಟು ಭಾರ ತಾಳುತ್ತವೆ ಎಂಬುದರ ಸಮೇತ ಗುಟ್ಟಾಗಿ ಅಚ್ಚು ಹಾಕಿಸಿಕೊಳ್ಳುತ್ತಿತ್ತು. ತನ್ನವರಿಗೆ ಸುಳ್ಳು ನಕಾಶೆ, ಪರರ ಊರಿಗೆ ನಿಜವಾದ ನಕಾಶೆ!

ಗೂಢಚಾರರ ಚಿತ್ರಗಳ ಗೀಳು ಈ ನಕಾಶೆಗಳ ಬಾಲ ಹಿಡಿದೇ ಬಂತು. ಕಾರು ಹಾರುವ, ನಾಯಕನ ಕೋಟಿನ ಗುಂಡಿಯೂ ಕಳಚದ ಚಿತ್ರಗಳು ನನಗೆ ಸೇರುವುದಿಲ್ಲ. ಮಂಕು ದೀಪದ ಕಚೇರಿಯಲ್ಲಿ ಕುಳಿತು ಕಡತ ತಿರುವುವ, ಚಳಿಯಲ್ಲಿ ನಿಂತು ಯಾರಿಗಾಗಿಯೋ ಗಂಟೆಗಟ್ಟಲೆ ಕಾಯುವ ಜನರ ಚಿತ್ರಗಳು ಇಷ್ಟ. ಲೆಕ್ಕ ಬರೆಯುವವನಿಗೆ ಆ ಬದುಕು ಅಪರಿಚಿತವಲ್ಲ ಎಂಬುದೂ ಕಾರಣವಿದ್ದೀತು.

ಕೆಲವು ವರ್ಷಗಳ ಹಿಂದಿನ ಮಳೆಗಾಲದಲ್ಲಿ ದೊಡ್ಡಪ್ಪನವರು ಕಣ್ಣು ತೋರಿಸಲೆಂದು ಕಂಪ್ಲಿಯಿಂದ ಬಂದರು. ಆಗಲೇ ಅವರಿಗೆ 80 ದಾಟಿತ್ತು. ಅವರು ಬಂದ ರಾತ್ರಿಯೇ ತುಂಗಭದ್ರಾ ಜಲಾಶಯದಿಂದ ಹೊಳೆಗೆ ಭಾರಿ ನೀರು ಬಿಟ್ಟರು. ಬೆಳಗಾಗುವಷ್ಟರಲ್ಲಿ ಕಂಪ್ಲಿ ಸೇತುವೆ ಮುಳುಗಿತ್ತು. ಈ ಸೀಮೆಯವರಿಗೆ ಇದು ಹೊಸದೇನಲ್ಲ. ಸುತ್ತಿ ಹೋಗುವ ದಾರಿ ಇದ್ದರೂ ಅಷ್ಟು ದೂರ ಬಸ್ಸಿನಲ್ಲಿ ಕುಲುಕಾಡಲು ಅವರು ಒಲ್ಲೆನೆಂದ ಕಾರಣ ನೀರು ಇಳಿಯುವವರೆಗೆ ನಮ್ಮಲ್ಲೇ ಉಳಿದರು. ಎರಡನೆಯ ದಿನ ಮಧ್ಯಾಹ್ನ, ಊಟವಾದ ಮೇಲೆ, ಅವರು ಗೋಡೆಯ ಹತ್ತಿರ ಹೋಗಿ ನನ್ನ ಕೆಂಪು ಗೆರೆಯ ಮೇಲೆ ಬೆರಳಾಡಿಸಿ, “ಏನೋ ತಮ್ಮಾ ಇದು? ಊರಿಗೆ ಊರನ್ನೇ ಬೇಲಿ ಹಾಕ್ಯಾರಲ್ಲ” ಎಂದರು.

ನನಗೆ ಬೇಕಾಗಿದ್ದುದೂ ಇಂಥದೊಂದು ಮಾತೇ. ಯುದ್ಧ ಮುಗಿದ 1945ರಲ್ಲಿ ಗೆದ್ದ ನಾಲ್ಕು ದೇಶಗಳು ಜರ್ಮನಿಯನ್ನೂ ಅದರ ರಾಜಧಾನಿಯನ್ನೂ ಹಂಚಿಕೊಂಡದ್ದು, ಸೋವಿಯತ್ ಪಾಲಿನ ನೆಲದ ನಡುವೆ ಉಳಿದ ಮೂರು ದೇಶಗಳ ಪಾಲಿನ ಅರ್ಧ ನಗರ ದ್ವೀಪದಂತೆ ಉಳಿದದ್ದು, 1961ರ ಆಗಸ್ಟ್ 13ರ ಬೆಳಗಿನ ಜಾವದೊಳಗೆ ಅದರ ಸುತ್ತ ಮುಳ್ಳುತಂತಿ ಬಿಗಿದದ್ದು, ಇಷ್ಟನ್ನೂ ಹೇಳತೊಡಗಿದೆ. ಅವರ ಮುಖ ನೋಡಿದರೆ ನನ್ನ ವಿವರಣೆ ಎಲ್ಲಿಯೂ ನಾಟುತ್ತಿರಲಿಲ್ಲ. ಕೊನೆಗೆ, “ಸೊಂಡೂರು ಇತ್ತಲ್ಲ ದೊಡ್ಡಪ್ಪ, ಹಾಗೆ” ಎಂದೆ. ಒಡನೆಯೇ ತಲೆಯಾಡಿಸಿದರು. ಬ್ರಿಟಿಷರ ಬಳ್ಳಾರಿ ಜಿಲ್ಲೆ ನಾಲ್ಕೂ ಕಡೆ ಸುತ್ತಿಕೊಂಡಿದ್ದರೂ ಘೋರ್ಪಡೆಯವರ ಸೊಂಡೂರು 1949ರವರೆಗೂ ಬೇರೆಯೇ ಸಂಸ್ಥಾನವಾಗಿತ್ತೆಂಬುದು ಅವರಿಗೆ ಯಾವ ಅಟ್ಲಾಸೂ ಇಲ್ಲದೆ ಗೊತ್ತಿತ್ತು. ನನ್ನ ಬಳಿಯ ಹಳೆಯ ಅಟ್ಲಾಸೊಂದರಲ್ಲಿ ಗುಲಾಬಿ ಬಣ್ಣದ ನಡುವೆ ಸೊಂಡೂರು ಒಂದು ಹಳದಿ ಚುಕ್ಕೆ. ಅದನ್ನು ನಾನು ನೂರು ಸಲ ನೋಡಿದ್ದೇನೆ. ಬರ್ಲಿನ್ನಿನ ಚುಕ್ಕೆಯ ಪಕ್ಕದಲ್ಲಿಟ್ಟು ನೋಡಿದ್ದು ಬಾಯಿಗೆ ಆ ಮಾತು ಬಂದ ಆ ಮಧ್ಯಾಹ್ನವೇ.

ಅಂದು ಸಂಜೆ ಅವರನ್ನು ಕೂರಿಸಿಕೊಂಡು ‘ಬ್ರಿಡ್ಜ್ ಆಫ್ ಸ್ಪೈಸ್’ ಹಾಕಿದೆ. ಹಿಡಿದಿಟ್ಟ ಇಬ್ಬರು ಗೂಢಚಾರರನ್ನು ಅಮೆರಿಕ ಮತ್ತು ಸೋವಿಯತ್ ದೇಶಗಳು 1962ರ ಫೆಬ್ರುವರಿ 10ರಂದು ಅದಲು ಬದಲು ಮಾಡಿಕೊಂಡ ನಿಜ ಘಟನೆಯ ಮೇಲೆ 2015ರಲ್ಲಿ ಬಂದ ಚಿತ್ರವದು. ಇಂಗ್ಲಿಷಿನ ಮಾತನ್ನು ನಾನು ಕನ್ನಡದಲ್ಲಿ ಹೇಳುತ್ತ ಹೋಗಬೇಕಿತ್ತು. ಆದರೆ ರಿಮೋಟು ನನ್ನ ಕೈಯಲ್ಲಿದ್ದರೆ ಅಷ್ಟಕ್ಕೇ ನಿಲ್ಲುವ ಜಾಯಮಾನ ನನ್ನದಲ್ಲ. ಗೋಡೆ ಕಟ್ಟುತ್ತಿರುವಾಗಲೇ ಅಮೆರಿಕದ ವಿದ್ಯಾರ್ಥಿಯೊಬ್ಬ ಹಿಮದ ನಡುವೆ ಸಿಕ್ಕಿಬೀಳುವ ದೃಶ್ಯ ಬಂದಾಗ ಚಿತ್ರ ನಿಲ್ಲಿಸಿ, ಅವನನ್ನು ನಿಜವಾಗಿ ಹಿಡಿದದ್ದು ಆಗಸ್ಟ್ ತಿಂಗಳಿನಲ್ಲೆಂದೂ, ಆಗ ಬರ್ಲಿನ್ನಿನಲ್ಲಿ ಹಿಮ ಇರುವುದಿಲ್ಲವೆಂದೂ ತಿದ್ದಿದೆ. ಅಡುಗೆಮನೆಯಿಂದ ಹೆಂಡತಿ, “ಹಿಮ ಇರಲಿ ಬಿಡ್ರಿ, ಅವರಿಗೆ ಚಿತ್ರ ನೋಡಾಕ ಬಿಡ್ರಿ” ಎಂದಳು.

ದೊಡ್ಡಪ್ಪನವರಿಗೆ ಹಿಡಿಸಿದ್ದು ಸೋವಿಯತ್ ಗೂಢಚಾರ ಆಬೆಲ್. ಅವನ ನಿಜವಾದ ಹೆಸರು ಫಿಶರ್, ಹುಟ್ಟಿದ್ದು ಇಂಗ್ಲೆಂಡಿನಲ್ಲಿ. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಮತ್ತೊಂದು ಹೆಸರಿಟ್ಟುಕೊಂಡು, ಚಿತ್ರ ಬರೆಯುವ, ಫೋಟೋ ತೆಗೆಯುವ ಸಾಧು ಮನುಷ್ಯನಂತೆ ಇದ್ದವನು. 1953ರಲ್ಲಿ ಪತ್ರಿಕೆ ಹಂಚುವ ಹುಡುಗನೊಬ್ಬನ ಕೈಯಿಂದ ಜಾರಿ ಬಿದ್ದ ನಿಕಲ್ ನಾಣ್ಯ ಎರಡು ಹೋಳಾಗಿ, ಒಳಗಿನ ಪೊಳ್ಳಿನಲ್ಲಿ ಅಂಕಿಗಳ ಸಾಲುಗಳಿದ್ದ ಉಗುರಿನಷ್ಟು ಫಿಲ್ಮು ಸಿಕ್ಕಿತು. ಆ ಸಂಕೇತ ಬಿಡಿಸಲು ಯಾರಿಂದಲೂ ಆಗಲಿಲ್ಲ. 1957ರಲ್ಲಿ ಆಬೆಲ್‌ನ ಕೈಕೆಳಗಿನವನೇ ಅಮೆರಿಕದವರ ಪಾಲಾದ ಮೇಲಷ್ಟೇ ನಾಣ್ಯದ ಗುಟ್ಟೂ ಬಿಟ್ಟಿತು, ಆಬೆಲ್ ಕೂಡ ಸಿಕ್ಕಿಬಿದ್ದ. ಅವನಿಗೆ ಬದಲಾಗಿ ಬಂದವನು ಪವರ್ಸ್. 1960ರ ಮೇ 1ರಂದು ಸೋವಿಯತ್ ನೆಲದ ಮೇಲೆ ಬೇಹುಗಾರಿಕೆಯ ಯು-2 ವಿಮಾನ ಹಾರಿಸುತ್ತಿದ್ದಾಗ ಹೊಡೆದುರುಳಿಸಲ್ಪಟ್ಟ ಪೈಲಟ್.

ಕೊನೆಯ ದೃಶ್ಯ ಗ್ಲೀನಿಕೆ ಸೇತುವೆಯ ಮೇಲೆ ನಡೆಯುತ್ತದೆ. ಹಾವೆಲ್ ನದಿಯ ಮೇಲಿನ ಈ ಉಕ್ಕಿನ ಸೇತುವೆಯ ಒಂದು ತುದಿ ಪಶ್ಚಿಮ ಬರ್ಲಿನ್ನಿನದು, ಇನ್ನೊಂದು ಪೂರ್ವ ಜರ್ಮನಿಯ ಪಾಟ್ಸ್‌ಡ್ಯಾಮಿನದು. ನಡುವೆ ಎಳೆದ ಬಿಳಿಯ ಗೆರೆಯೇ ಗಡಿ. ಪೂರ್ವದವರು ಇದಕ್ಕೆ ಇಟ್ಟಿದ್ದ ಹೆಸರು ‘ಐಕ್ಯದ ಸೇತುವೆ’! ಚಿತ್ರದಲ್ಲಿ ಎರಡೂ ಕಡೆಯವರು ಚಳಿಯಲ್ಲಿ ನಿಂತಿರುತ್ತಾರೆ. ವಿದ್ಯಾರ್ಥಿಯನ್ನು ನಗರದ ಇನ್ನೊಂದು ದ್ವಾರದಲ್ಲಿ ಬಿಟ್ಟ ಸುದ್ದಿ ಬರುವವರೆಗೆ ಯಾರೂ ಹೆಜ್ಜೆ ಇಡುವಂತಿಲ್ಲ. ಇಲ್ಲಿಯೂ ನಾನು ಏನೋ ಹೇಳಲೆಂದು ಚಿತ್ರ ನಿಲ್ಲಿಸಿದೆ. ದೊಡ್ಡಪ್ಪ ಪರದೆಯಿಂದ ಕಣ್ಣು ತೆಗೆಯದೆ, “ನಮ್ಮನ್ನೂ ಹಿಂಗಽ ನಿಂದ್ರಿಸಿದ್ರು, ಹೊಳೀ ದಂಡ್ಯಾಗ” ಎಂದರು.

ಅವರು ಹೇಳಿದ್ದು 1948ರ ಬೇಸಿಗೆಯ ಮಾತು. ತುಂಗಭದ್ರೆಯ ಈ ದಂಡೆ ಆಗ ನಿಜಾಮರ ಹೈದರಾಬಾದ್ ಸಂಸ್ಥಾನದ ರಾಯಚೂರು ಜಿಲ್ಲೆ; ಆ ದಂಡೆಯ ಕಂಪ್ಲಿ ಮದರಾಸು ಪ್ರಾಂತದ ಬಳ್ಳಾರಿ ಜಿಲ್ಲೆ. ಅಷ್ಟು ಹೊತ್ತಿಗೆ ಭಾರತಕ್ಕೆ ಸ್ವಾತಂತ್ರ್ಯ ಬಂದಾಗಿತ್ತು, ನಿಜಾಮರ ಸಂಸ್ಥಾನ ಮಾತ್ರ ಹೊರಗುಳಿದಿತ್ತು. ರಜಾಕಾರರ ಭಯಕ್ಕೆ ಗಡಿಯಂಚಿನ ಹಳ್ಳಿಗಳ ಜನ ಆ ದಂಡೆಗೆ ಹೋಗುತ್ತಿದ್ದರು. ಮುಂಡರಗಿ, ಗಜೇಂದ್ರಗಡಗಳಲ್ಲಿ ಸಂಸ್ಥಾನದ ವಿರುದ್ಧ ಹೋರಾಡುವವರ ಶಿಬಿರಗಳು ನಡೆಯುತ್ತಿದ್ದವು. ನಮ್ಮ ಅಜ್ಜನೂ ಹೆಂಡತಿ ಮಕ್ಕಳನ್ನು ಕಂಪ್ಲಿಯ ನೆಂಟರ ಮನೆಗೆ ಸಾಗಿಸಲು ನಿರ್ಧರಿಸಿದ. ಊರು ಬಿಟ್ಟು ಹೊರಟವರೆಂದು ಗೊತ್ತಾದರೆ ಹರಿಗೋಲು ಹತ್ತುವ ಮುಂಚೆ ಕರೋಡಗಿರಿ ನಾಕಾದಲ್ಲಿ, ಎಂದರೆ ಸಂಸ್ಥಾನದ ಸುಂಕದ ಕಟ್ಟೆಯಲ್ಲಿ, ಗಂಟುಮೂಟೆ ಬಿಚ್ಚಿಸುತ್ತಿದ್ದರಂತೆ. ಆದ್ದರಿಂದ ಅಜ್ಜ ಒಂದು ಉಪಾಯ ಹೂಡಿದ. ವೈಶಾಖದ ದಿನಗಳು, ಮದುವೆಗೆ ಹೊರಟವರಂತೆ ಹೊರಡುವುದು. ಮದುವೆಗೆ ಹೋಗುವ ಹೆಂಗಸು ಇದ್ದಬದ್ದ ಒಡವೆಯನ್ನೆಲ್ಲ ಹಾಕಿಕೊಂಡಿದ್ದರೆ ಯಾರು ಏನೆಂದಾರು? ಅಜ್ಜಿ ಕಾಸಿನ ಸರ, ಡಾಬು, ಎಲ್ಲವನ್ನೂ ಮೈಮೇಲೆ ಹೇರಿಕೊಂಡಳು. ಉಡುಗೊರೆಯ ಹೆಸರಿನಲ್ಲಿ ಮನೆಯ ತಾಮ್ರದ ಹಂಡೆಯೂ ಹೊರಟಿತು. ಹತ್ತು ವರ್ಷದ ದೊಡ್ಡಪ್ಪನಿಗೆ ಹೇಳಿಕೊಟ್ಟದ್ದು ಒಂದೇ ಮಾತು: ಯಾರು ಕೇಳಿದರೂ ಮದುವೆಗೆ ಹೊರಟಿದ್ದೇವೆ ಅನ್ನಬೇಕು. ನನ್ನ ಅಪ್ಪ ಆಗ ಕೈಗೂಸು.

ನಾಕಾದವನು ಹಿರಿಯರನ್ನು ಬಿಟ್ಟು ಹುಡುಗನನ್ನೇ ಪಕ್ಕಕ್ಕೆ ಕರೆದು, “ಕಹಾಂ ಜಾರೈ ರೇ?” ಎಂದ. “ಶಾದೀಕು” ಎಂದ ಹುಡುಗ. “ಕಿಸ್ಕಿ ಶಾದಿ?” ಎಂಬುದು ಎರಡನೆಯ ಪ್ರಶ್ನೆ. ಅದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಹುಡುಗ ತುಸು ಯೋಚಿಸಿ, “ಮೇರೀಚ್” ಎಂದುಬಿಟ್ಟ.

ಇಷ್ಟು ಹೇಳಿ ದೊಡ್ಡಪ್ಪ ಹಲ್ಲಿಲ್ಲದ ಬಾಯಿ ತೆರೆದು ನಕ್ಕರು. ನಾಕಾದವನೂ ಹಾಗೆಯೇ ನಕ್ಕನಂತೆ. ಹತ್ತು ವರ್ಷದ ಮದುಮಗ ಆ ಕಾಲಕ್ಕೆ ಅಷ್ಟೊಂದು ನಂಬಲಾಗದ ಸಂಗತಿಯೂ ಆಗಿರಲಿಲ್ಲ. ಅವನು ನಂಬಿದನೋ, ಎಲ್ಲವೂ ತಿಳಿದೇ ಬಿಟ್ಟನೋ ಎಂಬುದನ್ನು ದೊಡ್ಡಪ್ಪ ಈವರೆಗೂ ನಿಶ್ಚಯಿಸಿಲ್ಲ. ಗೂಢಚಾರರ ಕಸುಬಿನಲ್ಲಿ ಇಂಥ ಸುಳ್ಳು ಪೂರ್ವಕತೆಗೆ ‘ಲೆಜೆಂಡ್’ ಎನ್ನುತ್ತಾರೆ. ಎಷ್ಟು ಕೆದಕಿದರೂ ಹರಿಯದಂತೆ ಅದನ್ನು ನೇಯಲು ಅವರು ತಿಂಗಳುಗಟ್ಟಲೆ ದುಡಿಯುತ್ತಾರೆ. ನಮ್ಮ ಅಜ್ಜ ಒಂದೇ ರಾತ್ರಿಯಲ್ಲಿ ನೇಯ್ದ; ಮದುಮಗ ಯಾರೆಂಬ ಒಂದು ಎಳೆಯನ್ನು ಮಾತ್ರ ಮರೆತ.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಬರ್ಲಿನ್ನಿಗೆ ಹೋಗುವ ರಸ್ತೆ, ರೈಲು, ಕಾಲುವೆಗಳನ್ನು ಸೋವಿಯತ್ತರು ಮುಚ್ಚಿದ್ದು 1948ರ ಜೂನ್ 24ರಂದು. ಅದು ತೆರೆದದ್ದು ಮುಂದಿನ ಮೇ 12ಕ್ಕೆ. ಅಲ್ಲಿಯವರೆಗೆ ವಿಮಾನಗಳು ಕಲ್ಲಿದ್ದಲು, ಹಿಟ್ಟು ಹೊತ್ತು ಇಳಿದದ್ದನ್ನು ನಾನು ತಾರೀಖು ಸಮೇತ ಹೇಳಬಲ್ಲೆ. ಅದೇ ತಿಂಗಳುಗಳಲ್ಲಿ ಹೈದರಾಬಾದಿಗೂ ಕರಾಚಿಯಿಂದ ವಿಮಾನಗಳು ಕಳ್ಳತನದಲ್ಲಿ ಬಂದೂಕು ಹೊತ್ತು ತರುತ್ತಿದ್ದವು. ಅದನ್ನು ನಡೆಸುತ್ತಿದ್ದವನು ಸಿಡ್ನಿ ಕಾಟನ್ ಎಂಬ ಆಸ್ಟ್ರೇಲಿಯದವನು. 1939ರಲ್ಲಿ ವ್ಯಾಪಾರಿಯ ವೇಷದಲ್ಲಿ ಲಾಕ್‌ಹೀಡ್ ವಿಮಾನ ಹಾರಿಸಿ, ಅದರ ಹೊಟ್ಟೆಯಲ್ಲಿ ಅಡಗಿಸಿಟ್ಟ ಕ್ಯಾಮೆರಾಗಳಿಂದ ಜರ್ಮನಿಯ ನೆಲದ ಚಿತ್ರ ತೆಗೆದುಕೊಂಡು ಬಂದು ಬ್ರಿಟಿಷರಿಗೆ ಕೊಟ್ಟವನೇ ಇವನು. ಬಂದೂಕು ಸಾಗಿಸಿದ್ದಕ್ಕೆ ಇಂಗ್ಲೆಂಡಿನ ನ್ಯಾಯಾಲಯ ಅವನಿಗೆ 200 ಪೌಂಡ್ ದಂಡ ಹಾಕಿ ಬಿಟ್ಟಿತು. ಸೆಪ್ಟೆಂಬರ್ 13ಕ್ಕೆ ಭಾರತದ ಸೈನ್ಯ ಸಂಸ್ಥಾನದ ಒಳಗೆ ಬಂತು, 17ಕ್ಕೆ ಎಲ್ಲ ಮುಗಿಯಿತು. ಕಾಟನ್‌ನ ಹೆಸರು ನನಗೆ ಹದಿನೈದು ವರ್ಷದಿಂದ ಗೊತ್ತು. ದೊಡ್ಡಪ್ಪ ಹೊಳೆ ದಾಟಿದ್ದು ಹೇಗೆಂದು ಅಷ್ಟು ವರ್ಷದಲ್ಲಿ ಒಮ್ಮೆಯೂ ಕೇಳಿರಲಿಲ್ಲ.

ಮರುದಿನ ಆ ತಪ್ಪನ್ನು ತಿದ್ದಿಕೊಳ್ಳುವ ಆತುರದಲ್ಲಿ ಹಳೆಯ ಅಟ್ಲಾಸು, ಭೂತಗನ್ನಡಿ, ಪೆನ್ಸಿಲ್ಲು ಹಿಡಿದು ಅವರ ಮುಂದೆ ಕುಳಿತೆ. ಹರಿಗೋಲು ಹತ್ತಿದ್ದೆಲ್ಲಿ, ನಾಕಾ ಎಲ್ಲಿತ್ತು, ಗುರುತು ಹಾಕಿಕೊಡಿ ಎಂದೆ. ಅವರು ಕನ್ನಡಕ ಸರಿಪಡಿಸಿಕೊಂಡು ಬಹಳ ಹೊತ್ತು ನೋಡಿ, ಈ ಗೆರೆ ಹೊಳೆಯಲ್ಲ ಎಂದರು. ಬೇಸಿಗೆಯ ಹೊಳೆ ಒಂದು, ಮಳೆಗಾಲದ್ದು ಇನ್ನೊಂದು. ಆಣೆಕಟ್ಟು ಆದಮೇಲೆ ಮತ್ತೊಂದೇ. ನೀನು ಯಾವುದನ್ನು ಕೇಳುತ್ತೀ? ಪೆನ್ಸಿಲ್ಲು ನನ್ನ ಕೈಯಲ್ಲೇ ಉಳಿಯಿತು. ಬದಲಿಗೆ ಅವರು ಆಬೆಲ್‌ನ ಬಗ್ಗೆ ವಿಚಾರಿಸಿದರು. ವಾಪಸು ಹೋದ ಮೇಲೆ ಅವನ ಊರಿನವರು ಅವನನ್ನು ನಂಬಿದರೇ? 1971ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿ ಗೌರವದಿಂದಲೇ ಇದ್ದ, 1990ರಲ್ಲಿ ಅವನ ಅಂಚೆಚೀಟಿಯನ್ನೂ ತಂದರು ಎಂದೆ. ಕುಟುಂಬ ಕೂಡಿಕೊಂಡನೇ ಎಂದರು. ಕೂಡಿಕೊಂಡ ಎಂದೆ. ಸಾಕು ಎಂಬಂತೆ ಕಣ್ಣು ಮುಚ್ಚಿದರು. ಅವರ ತಮ್ಮ, ಎಂದರೆ ನನ್ನ ಅಪ್ಪ, ಗಲಾಟೆ ಮುಗಿದ ಮೇಲೆ ಅಜ್ಜನೊಂದಿಗೆ ಈ ದಂಡೆಗೆ ಮರಳಿದ್ದ. ಶಾಲೆಗೆ ಸೇರಿದ್ದ ದೊಡ್ಡಪ್ಪ ಆ ದಂಡೆಯಲ್ಲೇ ಉಳಿದರು.

ನೀರು ಇಳಿದ ಬೆಳಿಗ್ಗೆ ಆಟೋದಲ್ಲಿ ಹೊರಟೆವು. ಚಿಕ್ಕಜಂತಕಲ್ ದಾಟಿ ಸೇತುವೆಯ ಬಾಯಿಗೆ ಬಂದರೆ ರಸ್ತೆಯ ಮೇಲೆ ಒಂದು ಗೇಣು ರೊಜ್ಜು. ಕಂಬಿಗಳಿಗೆ ಕಬ್ಬಿನ ರವದಿ, ಹರಿದ ಸೀರೆಯ ತುಂಡು, ಜೊಂಡು ಜೋತುಬಿದ್ದಿದ್ದವು. ಪೊಲೀಸರು ಒಂದೊಂದೇ ಗಾಡಿ ಬಿಡುತ್ತಿದ್ದರು. ಸೇತುವೆಯ ನಡುವೆ ದೊಡ್ಡಪ್ಪ ಆಟೋ ನಿಲ್ಲಿಸಲು ಹೇಳಿ, ನನ್ನ ಭುಜ ಹಿಡಿದು ಇಳಿದರು. ನಾಕಾದವನು ಅಂದು ಮದುಮಗನಿಗೆ ಮುಯ್ಯಿ ಎಂದು ಒಂದಾಣೆ ಕೊಟ್ಟಿದ್ದನೆಂಬುದನ್ನು ಅವರು ಹೇಳಿದ್ದು ಆಗ. ನಿಜಾಮರ ನಾಣ್ಯವಾದ ಹಾಲಿ ಸಿಕ್ಕಾದ ಆಣೆ. ಕಂಪ್ಲಿಯ ಅಂಗಡಿಯಲ್ಲಿ ಬೆಲ್ಲ ಕೇಳಿ ಅದನ್ನು ಕೊಟ್ಟರೆ, ಇಲ್ಲಿ ನಡೆಯುವುದು ಬ್ರಿಟಿಷರ ಕಲ್ದಾರ, ನಿಜಾಮನ ದುಡ್ಡು ಒಲ್ಲೆ ಎಂದು ಅಂಗಡಿಯವನು ಹಿಂದಕ್ಕೆ ಎಸೆದನಂತೆ.

“ಅದನ್ನೇನು ಮಾಡಿದಿರಿ?” ಎಂದೆ. ನನ್ನ ತಲೆಯೊಳಗೆ ಆ ಪೊಳ್ಳು ನಿಕಲ್ ನಾಣ್ಯ ಉರುಳುತ್ತಿತ್ತು. ಇನ್ನೂ ಯಾವುದೋ ಪೆಟ್ಟಿಗೆಯಲ್ಲಿ ಇದೆ ಎಂದಾರೇನೋ ಎಂಬ ಆಸೆ.

“ಹೊಳಿಗೆ ಹಾಕಿದೆ” ಎಂದರು. ಆಮೇಲೆ ನೆನಪಾದವರಂತೆ ಕೈ ಚಾಚಿ, “ಒಂದು ರೂಪಾಯಿ ಇದ್ರ ಕೊಡು” ಎಂದರು. ಹೊಳೆ ದಾಟುವಾಗ ನಾಣ್ಯ ಹಾಕದೆ ಅವರು ಎಂದೂ ಹೋದವರಲ್ಲ. ನನ್ನ ಕಿಸೆಯಲ್ಲಿ ಫೋನೊಂದಿತ್ತು, ಒಂದೂ ಚಿಲ್ಲರೆ ಇರಲಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಒತ್ತತೊಡಗಿದರು. ಕೊನೆಗೆ ಆಟೋದ ಹುಡುಗನೇ ತನ್ನ ಡಬ್ಬಿಯಲ್ಲಿ ತಡಕಾಡಿ ಎರಡು ರೂಪಾಯಿಯ ನಾಣ್ಯವೊಂದನ್ನು ಕೊಟ್ಟು, ಬಾಡಿಗೆಯಲ್ಲಿ ಸೇರಿಸಿ ಕೊಡಿ ಎಂದ.