ಟೆಲಿಫೋನ್ ಅಂಗಡಿಗೂ ಒಂದು ಕೂಗು

ಇವತ್ತು ನನ್ನ ಕಾಫಿ ಆರಿಹೋಯಿತು. ಕಾರಣ, ಕಬುಕಿ ಅನ್ನೋ ಜಪಾನಿನ ಸಾಂಪ್ರದಾಯಿಕ ನಾಟಕದ ಒಂದು ವಿಡಿಯೋ.

ವೇದಿಕೆಯಲ್ಲಿ ಕಬುಕಿ ನಟ ನಕಮುರಾ ಶಿಡೊ, ಮುಖದ ತುಂಬ ಬಣ್ಣ. ಜೊತೆಗೆ ಹತ್ಸುನೆ ಮಿಕು. ಅವಳು ಮನುಷ್ಯಳೇ ಅಲ್ಲ, ಪರದೆ ಮೇಲೆ ಹಾಡುವ ಕಂಪ್ಯೂಟರ್ ದನಿ! 2016ರಲ್ಲಿ ಶುರುವಾದ 'ಚೋ ಕಬುಕಿ' ಇದು. ಜನರ ಕೈಯಲ್ಲಿ ಬಣ್ಣಬಣ್ಣದ ಲೈಟ್ ಕಡ್ಡಿಗಳು.

ಕಬುಕಿಯಲ್ಲಿ ನಟ ಭಂಗಿ ಹಿಡಿದು ನಿಂತರೆ ಪ್ರೇಕ್ಷಕರು ಅವನ ಮನೆತನದ ಹೆಸರು ಕೂಗುತ್ತಾರೆ. ಶಿಡೊಗೆ 'ಯೊರೊಜುಯಾ!' ಮಿಕುಗೂ ಒಂದು ಮನೆತನ ಕೊಟ್ಟುಬಿಟ್ಟಿದ್ದಾರೆ, 'ಹತ್ಸುನೆಯಾ!'

ಇನ್ನೂ ಇದೆ. ತಂತ್ರಜ್ಞಾನ ಎನ್‌ಟಿಟಿಯದು, ಫೋನ್ ಕಂಪನಿ. ಅದರ ಕೈಚಳಕಕ್ಕೆ ಜನ 'ದೆನ್ವಯಾ!' ಅನ್ನುತ್ತಾರೆ. ಅಂದ್ರೆ ಟೆಲಿಫೋನ್ ಅಂಗಡಿ!

ವೈರ್ ಎಳೆದವರಿಗೂ ಮನೆತನದ ಮರ್ಯಾದೆ. ಸುಮ್ನೆ ತಮಾಷೆ ಅನ್ನಿಸಲಿಲ್ಲ ನನಗೆ.

ಅಡುಗೆಮನೆಯಲ್ಲಿ ಮೆಲ್ಲಗೆ 'ದೆನ್ವಯಾ' ಅಂತ ಕೂಗಿ ನೋಡಿದೆ. ಮಗ ಹೆಡ್‌ಫೋನ್ ತೆಗೆದು, "ಏನಮ್ಮಾ?" ಅಂದ.